ದೇವರಿಗೆ ಏರದ ಉಳ್ಳಾಗಡ್ಡಿ ಹೂವು

ಬೇರೆಯವರ ಮನೆಗೆ ನೆಂಟರು ಬರುತ್ತಾರೆ. ನಮ್ಮ ಮನೆಗೆ ಪ್ರಸಂಗಗಳು ಬರುತ್ತವೆ, ಅದೂ ಚಪ್ಪಲಿ ಬಿಡದೆ ನೇರ ಒಳಗೆ.

ನಾನು ಇಪ್ಪತ್ತೆಂಟು ವರ್ಷ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. 'ಮಸ್ಕಿ, ಲಿಂಗಸುಗೂರು' ಅಂತ ಒಮ್ಮೆ ಮೈಕಿನಲ್ಲಿ ಕೂಗಿದರೆ ತುರ್ವಿಹಾಳದಲ್ಲಿ ಮಲಗಿದ್ದ ಪ್ರಯಾಣಿಕ ಎದ್ದು ಲುಂಗಿ ಬಿಗಿದುಕೊಳ್ಳುತ್ತಿದ್ದ. ಅಂಥವನು ರಿಟೈರ್ ಆದ ಮೇಲೆ ಸುಮ್ಮನೆ ಕೂಡಲಿಕ್ಕಾಗುತ್ತದೆಯೇ? ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ತಾಲೂಕಿನಲ್ಲಿ ಯಾರೂ ಬೆಳೆಯದ ಹೂವು ಬೆಳೆದೆ. ಬೆಳೆದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಓದುವಾಗ ನಿಮಗೆ ಅನುಮಾನ ಬಂದೀತು.

ಕಾವಲು ಕೂತ ದಿನ

ನಮ್ಮ ಕಂಪೌಂಡಿನಲ್ಲಿ ದಾಸವಾಳದ ಗಿಡವಿದೆ, ಕಣಗಿಲೆಯಿದೆ, ನಂದಿಬಟ್ಟಲಿದೆ. ಹೂವು ಮಾತ್ರ ಇರುತ್ತಿರಲಿಲ್ಲ. ಮುಂಜಾನೆ ಐದಕ್ಕೆ ಅರಳಿದವು ಐದೂಕಾಲಿಗೆ ಓಣಿಯ ದೇವರುಗಳ ತಲೆ ಮೇಲಿರುತ್ತಿದ್ದವು. ನಮ್ಮ ಓಣಿಯ ಹೆಣ್ಣುಮಕ್ಕಳು ವಾಕಿಂಗಿಗೆ ಹೋಗುವಾಗ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ತುದಿಗೆ ತಂತಿಯ ಕೊಕ್ಕೆ ಕಟ್ಟಿದ ಕೋಲು ಹಿಡಿದಿರುತ್ತಾರೆ. ಈ ದಂಡಿಗೆ ದಂಡನಾಯಕಿ ನಮ್ಮ ಎದುರು ಮನೆಯ ದೊಡ್ಡ ಟೀಚರ್. ಶಾಲೆ ಬಿಟ್ಟು ಆರು ವರ್ಷವಾದರೂ ಹಾಜರಿ ತಗೊಳ್ಳುವುದು ಬಿಟ್ಟಿಲ್ಲ. ಆಗ ಮಕ್ಕಳ ಹಾಜರಿ, ಈಗ ಮೊಗ್ಗುಗಳದು.

"ಮನಿ ಸುತ್ತ ಗಿಡ, ದೇವರಿಗೆ ಬಾಜಾರದ ಹೂವು," ಅಂತ ನನ್ನ ಹೆಂಡತಿ ದಿನಾ ಗೊಣಗುತ್ತಿದ್ದಳು. ಒಂದು ದಿನ ನಾನು ಮೀಸೆ ತಿರುವಿ, ನಾಲ್ಕೂಮುಕ್ಕಾಲಿಗೇ ದಾಸವಾಳದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಇವತ್ತು ಒಂದು ಎಸಳೂ ಗೇಟು ದಾಟಬಾರದು!

ದೊಡ್ಡ ಟೀಚರ್ ಬಂದರು. ನನ್ನನ್ನು ನೋಡಿ ಗಾಬರಿಯಾಗುತ್ತಾರೆ ಅಂದುಕೊಂಡೆ.

"ಅಯ್ಯ, ನೀವೇ ಎದ್ದೀರಲ್ರೀ! ಛಲೋ ಆತು. ನನಗ ನಿಲುಕವಲ್ದು, ಆ ಮ್ಯಾಲಿನ ಟೊಂಗಿ ಇಟು ಬಗ್ಗಸ್ರಿ."

ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ದನಿ ಅದು. ನಾನು ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದು ಟೊಂಗೆ ಹಿಡಿದು ಬಗ್ಗಿಸಿತ್ತು. ಹನ್ನೊಂದು ದಾಸವಾಳ ಹರಿದುಕೊಂಡರು. ಹೋಗುವಾಗ ಗೇಟಿನ ಹತ್ತಿರ ತಿರುಗಿ, "ನಾಳೆ ಇನ್ನಟು ಜಲ್ದಿ ಏಳ್ರಿ. ಮಂದಿ ಬಂದು ಹರಕೊಂಡು ಹೋಗಿಬಿಡ್ತಾರ," ಅಂದರು.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಹೆಂಡತಿ ಕೇಳಿದಳು, "ಕಾವಲಿಗೆ ಕುಂತಿದ್ರೋ, ಕೂಲಿಗೆ ಕುಂತಿದ್ರೋ?"

ಆಮೇಲೆ ಅವಳು ಬಿಗಿಯಾಗಿಯೇ ಹೇಳಿದಳು. "ದಾಸವಾಳದ ಬುಡಕ ಆ ಎಂಟಡಿ ಜಾಗ ನನಗ ಬಿಡ್ರಿ. ಪುಂಡಿಪಲ್ಯಾ ಹಾಕ್ತೀನಿ. ಪಲ್ಯಾನಾದ್ರೂ ಮನ್ಯಾಗ ಉಳೀತದ."

ನನ್ನ ಇಜ್ಜತ್ತಿನ ಪ್ರಶ್ನೆ. "ಯುಗಾದಿ ಒಳಗ ಅದೇ ಜಾಗದಾಗ ಒಂದು ಹೂವು ಅರಳಿಸ್ತೀನಿ. ಹೊತ್ತು ಹುಟ್ಟಿದಾಗಿಂದ ಮುಳುಗೂತನಕ ಅದು ಗಿಡದಾಗ ನಿಂದ್ರತದ. ನೋಡತಿರು."

"ನಿಂತ್ರ?"

"ಜಾಗ ಜನ್ಮಕ್ಕ ನಂದು."

"ನಿಂದರದಿದ್ರ?"

"ಪುಂಡಿಪಲ್ಯಾ ನಾನೇ ಬಿತ್ತಿ, ನಾನೇ ಹರದು, ನಾನೇ ಸೋಸಿ ಕೊಡ್ತೀನಿ."

ಒಂದೊಂದೇ ಎಲೆ ಬಿಡಿಸಿ ಹಸನು ಮಾಡುವ ಈ ಸೋಸುವ ಮಾತು ಸೇರಿಸಬಾರದಿತ್ತು.

ಮಸ್ಕಿಯ ಥಂಡ ಉಳ್ಳಾಗಡ್ಡಿ

ದಾರಿ ತೋರಿಸಿದ್ದು ಲಿಂಗಸುಗೂರಿನ ಒಂದು ಬೀಜದಂಗಡಿಯ ಕ್ಯಾಲೆಂಡರ್. ಅದರಲ್ಲೊಂದು ಚಿತ್ರ. ಸೊಂಟದೆತ್ತರದ ಹಸಿರು ಕಡ್ಡಿ, ಕಡ್ಡಿಯ ತುದಿಗೆ ಕೂಸಿನ ತಲೆಯಷ್ಟು ದೊಡ್ಡ ನೇರಳೆ ಚೆಂಡು. ಸಾವಿರ ಸಣ್ಣ ಹೂವು ಸೇರಿ ಒಂದು ಹೂವು!

"ಅದು ಅಲಿಯಂ ರೀ ಕಾಕಾ," ಅಂದ ಅಂಗಡಿಯವನು. "ಉಳ್ಳಾಗಡ್ಡಿ ಕುಲದ್ದು. ತಿನ್ನಾಕಲ್ಲ, ನೋಡಾಕಷ್ಟ. ಥಂಡ ದೇಶದ ಗಡ್ಡಿ, ನಮ್ಮ ಬಿಸಿಲಿಗೆ ಬರಂಗಿಲ್ಲ."

ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, ಉಳ್ಳಾಗಡ್ಡಿ, ನಿಮ್ಮ ಕಡೆಯ ಈರುಳ್ಳಿ. ಯಾವ ದೇವರ ತಲೆಯ ಮೇಲೆ ಉಳ್ಳಾಗಡ್ಡಿ ಹೂವು ಏರಿದ್ದನ್ನು ನೋಡಿದ್ದೀರಿ? ದೊಡ್ಡ ಟೀಚರಂತೂ ಶ್ರಾವಣದಲ್ಲಿ ಉಳ್ಳಾಗಡ್ಡಿ ಗಾಡಿ ಓಣಿಗೆ ಬಂದರೆ ಕಿಟಕಿ ಹಾಕಿಕೊಳ್ಳುವವರು. ನಾನು ಅಂಗಡಿಯಲ್ಲೇ ಎಷ್ಟು ಜೋರಾಗಿ ನಕ್ಕೆನೆಂದರೆ ಅಂಗಡಿಯವನು ನೀರು ತಂದುಕೊಟ್ಟ.

"ತರಸು ಹನ್ನೆರಡು ಗಡ್ಡಿ," ಅಂದೆ.

ಗಣೇಶನ ಹಬ್ಬ ಮುಗಿಯುವಷ್ಟರಲ್ಲಿ ಗಡ್ಡೆ ಬಂದವು. ಜೊತೆಗೆ ಒಂದು ಷರತ್ತೂ ಬಂತು. ನೆಡುವ ಮೊದಲು ಹತ್ತು ವಾರ ಥಂಡಿಯಲ್ಲಿ ಇಡಬೇಕಂತೆ, ಇಲ್ಲದಿದ್ದರೆ ಹೂ ಬಿಡುವುದಿಲ್ಲವಂತೆ. ನಮ್ಮ ಫ್ರಿಜ್ಜಿನಲ್ಲಿ ಇಡಲಿಕ್ಕೆ ಹೆಂಡತಿ ಒಪ್ಪಲಿಲ್ಲ. ಮಸ್ಕಿಯಲ್ಲಿ ನನ್ನ ಹಳೇ ದೋಸ್ತನದೊಂದು ಕೂಲ್‌ಡ್ರಿಂಕ್ಸ್ ಅಂಗಡಿ ಇದೆ. ಅವನ ಬಾಟಲಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ಹನ್ನೆರಡೂ ಗಡ್ಡೆ ಮಲಗಿಸಿ ಬಂದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಆಸ್ಪತ್ರೆಯ ರೋಗಿಯನ್ನು ನೋಡಿದಂತೆ ನೋಡಿ ಬರುತ್ತಿದ್ದೆ.

ಐದನೇ ವಾರ ಎಣಿಸಿದರೆ ಹತ್ತೇ ಇವೆ.

"ಎರಡು ಎಲ್ಲಿ ಹೋದವಲೇ?"

"ಒಬ್ಬಾಂವ ಬಿಸಿಲಿಗೆ ತಲಿ ತಿರುಗಿ ಬಂದು ಕುಂತ," ಅಂದ ದೋಸ್ತ. "ಕಿಸೇದಾಗ ಇಟಗೊಳ್ಳಾಕ ಉಳ್ಳಾಗಡ್ಡಿ ಐತೇನು ಅಂದ. ಕೊಟ್ಟೆ."

ನಮ್ಮ ಕಡೆ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇದ್ದರೆ ಬಿಸಿಲು ಹತ್ತುವುದಿಲ್ಲ ಅನ್ನುತ್ತಾರೆ. ಮಸ್ಕಿಯ ಬಂಡೆಗುಡ್ಡ ಕಾದಾಗ ಒಂದಲ್ಲ, ಒಂದು ಚೀಲವೇ ಬೇಕು. ಆದರೆ ಪರದೇಶದಿಂದ ಬಂದ ಗಡ್ಡೆ!

"ಅವು ಊರ ಉಳ್ಳಾಗಡ್ಡಿ ಅಲ್ಲಲೇ!" ಅಂತ ತಲೆ ಚಚ್ಚಿಕೊಂಡೆ.

ಮುಂದಿನ ವಾರ ಹೋದರೆ ಆ ಮನುಷ್ಯನೇ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದ. "ಕಾಕಾರ, ಆ ಥಂಡ ಉಳ್ಳಾಗಡ್ಡಿ ನಿಮ್ಮವಂತಲ್ರೀ! ಎಂಟು ದಿನಾ ಆತು, ಬಿಸಿಲು ನನ್ನ ಕಡೆ ಹೊಳ್ಳಿ ನೋಡಿಲ್ಲ. ನಮ್ಮ ಮಾವಗ ಇನ್ನೆರಡು ಬೇಕಾಗಿದ್ವು."

ನಾನು ಬಾಯಿ ತೆರೆಯುವ ಮೊದಲೇ ನನ್ನ ದೋಸ್ತ ವೈದ್ಯನ ಮುಖ ಮಾಡಿ ಹೇಳಿದ, "ಈಗಿಲ್ರೀ. ಅದು ಹತ್ತು ವಾರದ ಕೋರ್ಸ್."

ದಢೇಸುಗೂರಿನ ನೀರು

ದೀಪಾವಳಿ ಆದ ಮೇಲೆ ಗಡ್ಡೆಗಳನ್ನು ತಂದೆ. ನಮ್ಮ ಕರಿ ಮಣ್ಣಿಗೆ ಉಸುಕು ಬೆರೆಸಿ, ನೀರು ನಿಲ್ಲದಂತೆ ಮಡಿ ಎತ್ತರ ಮಾಡಿ ಹತ್ತೂ ನೆಟ್ಟೆ. ಗಿಣಿಯ ಚುಂಚಿನಂತೆ ಹತ್ತು ಮೊಳಕೆ ಎದ್ದವು. ಹೆಂಡತಿಗೆ ಹೇಳಿದ್ದು ಇಷ್ಟೇ, 'ಪರದೇಶದ ಹೂವಿನ ಗಡ್ಡಿ.' ಕುಲಗೋತ್ರ ಹೇಳಿರಲಿಲ್ಲ.

ಆಗ ದಢೇಸುಗೂರಿನ ನಮ್ಮ ಬೀಗರು, ಅಂದರೆ ಮಗಳ ಮಾವ, ಎರಡು ದಿನ ಇರಲಿಕ್ಕೆ ಬಂದರು. ಕಾಲುವೆ ದಂಡೆಯ ಭತ್ತದ ಗದ್ದೆಯಲ್ಲೇ ಹುಟ್ಟಿ ಬೆಳೆದವರು. ನಮಗೆ ಅದೇ ದಿನ ಲಿಂಗಸುಗೂರಿನಲ್ಲಿ ತೊಟ್ಟಿಲ ಕಾರ್ಯ. "ನೀವು ಆರಾಮ ಮಾಡ್ರಿ, ಸಂಜಿಗೆ ಬಂದುಬಿಡ್ತೀವಿ," ಅಂತ ಹೇಳಿ ಹೋದೆವು. ಆರಾಮ ಮಾಡುವ ಮನುಷ್ಯ ಆ ಊರಲ್ಲಿ ಹುಟ್ಟುವುದಿಲ್ಲ ಅನ್ನುವುದು ನೆನಪಿಗೆ ಬರಲಿಲ್ಲ.

ಸಂಜೆ ಬಂದು ನೋಡಿದರೆ ನನ್ನ ಮಡಿ ಇದ್ದಲ್ಲಿ ಒಂದು ಗದ್ದೆ. ಸುತ್ತ ಒಡ್ಡು, ಒಡ್ಡಿನ ಮೇಲೆ ಸಲಿಕೆಯ ಬೆನ್ನಿನಿಂದ ನಯವಾಗಿ ತಟ್ಟಿದ ಗುರುತು, ಒಳಗೆ ಮೊಣಕಾಲ ಕೆಳಗಿನ ತನಕ ನೀರು. ಮೊಳಕೆಗಳು ಮೂಗು ಮಾತ್ರ ಹೊರಗೆ ಹಾಕಿ ನಿಂತಿದ್ದವು. ಒಂದು ಕಪ್ಪೆ ಆಗಲೇ ವಾಸಕ್ಕೆ ಬಂದಿತ್ತು.

ಬೀಗರು ಧೋತರ ಮೇಲೆ ಕಟ್ಟಿ, ಕೈ ಕಾಲಿಗೆ ಕೆಸರು ಹಚ್ಚಿಕೊಂಡು ನಗುತ್ತಿದ್ದರು. "ಏನ್ರೀ ಬೀಗರ, ಬೆಳಿ ಬಾಯಾರಿ ಬಿದ್ದಿತ್ತಲ್ಲ! ನಳಾ ಬಂತು, ಬರಾಬರ್ ನೀರು ಕಟ್ಟೀನಿ. ಇನ್ನ ಫಿಕರ್ ಇಲ್ಲ."

ಮಗಳನ್ನು ಕೊಟ್ಟ ಮನೆಯವರಿಗೆ ಏನು ಅನ್ನಲಿಕ್ಕಾಗುತ್ತದೆ? "ಭಾಳ ಉಪಕಾರ ಆತ್ರಿ," ಅಂದೆ. ಅವರು ಜಳಕಕ್ಕೆ ಹೋದ ತಕ್ಷಣ ಚರಿಗೆ ತಗೊಂಡು ನೀರು ಮೊಗೆದು ಹೊರಗೆ ಚೆಲ್ಲಲಿಕ್ಕೆ ಕೂತೆ. ಹೆಂಡತಿ ಪಕ್ಕದಲ್ಲಿ ನಿಂತು, "ಪುಂಡಿಪಲ್ಯಾಕ ಹದಾ ಛಲೋ ಆಗೇತಿ," ಅಂದಳು.

ಆರು ಗಡ್ಡೆ ಕೊಳೆತವು, ನಾಲ್ಕು ಉಳಿದವು.

ಹದಿನೈದು ದಿನಕ್ಕೆ ಫೋನು. "ಬೀಗರ, ತೆನಿ ಕಟ್ಯಾವೇನ್ರೀ?"

"ಕಟ್ಟಾಕತ್ತಾವ್ರೀ."

"ಹಂಗಾರ ಯೂರಿಯಾ ಒಗೆಯೋ ಟೈಮ್ ಇದು. ನಾ ಬರ್ಲೇನು?"

ಆ ಚಳಿಗಾಲವಿಡೀ ಅವರು ಬರುತ್ತೇನೆ ಅಂದಾಗಲೆಲ್ಲ ನಾವೇ ದಢೇಸುಗೂರಿಗೆ ಓಡಿ ಹೋಗುತ್ತಿದ್ದೆವು. ಇಂಥ ಪ್ರೀತಿಯ ಬೀಗರು ಯಾರಿಗೂ ಸಿಕ್ಕಿಲ್ಲ ಅಂತ ಅವರು ಊರ ತುಂಬ ಹೇಳಿಕೊಂಡು ತಿರುಗಾಡುತ್ತಿದ್ದಾರೆ.

ಸಮಾಧಾನ ಹೇಳಲು ಬಂದವರು

ಸಂಕ್ರಾಂತಿ ದಾಟಿತು. ನಾಲ್ಕೂ ಗಡ್ಡೆ ಕಡ್ಡಿ ಎತ್ತಿದವು. ಕಡ್ಡಿಯ ತುದಿಗೆ ತೆಳು ಪೊರೆಯ ಮೊಗ್ಗು. ನಾನು ದಿನಕ್ಕೆ ಹತ್ತು ಸಲ ಅಳತೆ ನೋಡುತ್ತಿದ್ದೆ, ನಮ್ಮ ಮಗಳು ಎತ್ತರ ಬೆಳೆಯುವಾಗಲೂ ಅಷ್ಟು ನೋಡಿರಲಿಲ್ಲ.

ಆ ಹೊತ್ತಿಗೆ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಲಿಂಗಸುಗೂರು ಕಡೆಯ ಹಳ್ಳಿಯಿಂದ ಬಂದ. ಜನ್ಮವಿಡೀ ಉಳ್ಳಾಗಡ್ಡಿ ಬೆಳೆದ ರೈತ. ಅವರ ಹೊಲದಲ್ಲಿ ಉಳ್ಳಾಗಡ್ಡಿ ಹೂವಿನ ಕಡ್ಡಿ ಎತ್ತಿತು ಅಂದರೆ ಕಥೆ ಮುಗಿಯಿತು. ಗಡ್ಡೆ ಒಳಗೆ ಪೊಳ್ಳಾಗುತ್ತದೆ, ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಅವನು ನನ್ನ ಮಡಿಯ ಮುಂದೆ ನಿಂತು ನೋಡಿದ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. ದನಿ ಕುಗ್ಗಿಸಿ, "ಹಿಂಗಾಗಬಾರದಿತ್ರೀ ಅಣ್ಣಾರ," ಅಂದ.

ಊರಲ್ಲಿ ಯಾರಿಗೆ ಏನಾಯಿತೋ ಅಂತ ಅವನ ತೋಳು ಹಿಡಿದೆ. "ಏನಾತಪಾ?"

"ನಾಕೂ ಹೂವಿಗೆ ಬಿದ್ದಾವಲ್ರೀ. ಹೋತು ಬೆಳಿ. ನಿಮ್ಮ ಕೈಯಾಗ ಏನೈತಿ ಹೇಳ್ರಿ. ಧೈರ್ಯ ತಗೋರಿ."

ನನಗೆ ನಗು ತಡೆಯಲಾಗಲಿಲ್ಲ. ಚಹಾ ಮಾಡಲು ಹೇಳುವ ನೆವದಿಂದ ಒಳಗೆ ಓಡಿ, ನಕ್ಕು ಮುಗಿಸಿ, ಕಪ್ಪು ಬಸಿ ಹಿಡಿದು ಹೊರಗೆ ಬಂದೆ. ನೋಡಿದರೆ ಮೂರು ಕಡ್ಡಿ ಮುರಿದು, ಒಂದರ ಪಕ್ಕ ಒಂದು ಸಾಲಾಗಿ ಮಲಗಿವೆ. ಷಡ್ಡಕ ಕೈ ಝಾಡಿಸುತ್ತಿದ್ದಾನೆ.

"ಕಡ್ಡಿ ಮುರದ್ರ ಗಡ್ಡಿನಾದ್ರೂ ಉಳೀತದ ರೀ. ಅದೊಂದು ಗ್ವಾಡಿ ಸಂದ್ಯಾಗ ಐತಿ, ಕೈ ಹೋಗವಲ್ದು. ಕುಡಗೋಲು ಐತೇನು?"

ನಾನು ಚಹಾದ ಬಸಿಯನ್ನೇ ಢಾಲಿನಂತೆ ಹಿಡಿದು ಅವನಿಗೂ ಕಡ್ಡಿಗೂ ನಡುವೆ ನಿಂತೆ. "ಮುಟ್ಟಬ್ಯಾಡೋ ಮಾರಾಯಾ! ನನ್ನ ಬೆಳಿ ಅಂದ್ರ ಅದೇ! ಹೂವೇ ಬೇಕಾಗೇತಿ ನನಗ! ಉಳ್ಳಾಗಡ್ಡಿ ಹೂವು!"

ಒಳಗಿನಿಂದ ಹೆಂಡತಿ ಬಂದಳು. "ಏನಂದ್ರಿ? ಉಳ್ಳಾಗಡ್ಡಿ ಏನ್ರೀ ಅದು?" ನನ್ನ ಮುಖ ನೋಡಿದಳು. ಎದುರಿನ ದೊಡ್ಡ ಟೀಚರ್ ಮನೆ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತು ನಕ್ಕಳು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಬುದ್ಧಿಗೆ ಸಿಕ್ಕ ಮೊದಲ ಶಾಭಾಸ್‌ಗಿರಿ ಅದು.

ಷಡ್ಡಕ ಮಾತ್ರ ನಗಲಿಲ್ಲ. ಚಹಾ ಕುಡಿದು ಮುಗಿಸುವ ತನಕ ಯೋಚನೆ ಮಾಡಿದ. ಕೊನೆಗೆ, "ಅಂದ್ರ ಅಣ್ಣಾರ, ಹೋದ ಸಲ ನನ್ನ ಹೊಲದಾಗ ಎರಡೆಕರೆ ಹೂವಿಗೆ ಬಿತ್ತಲ್ಲ, ಅದು ಕೆಟ್ಟಿದ್ದಲ್ಲೇನು?" ಅಂದ. ರುಮಾಲು ಮತ್ತೆ ತಲೆಗೆ ಸುತ್ತಿಕೊಂಡ. "ಹಂಗಾರ ನಿಮಗಿಂತ ದೊಡ್ಡ ತೋಟಗಾರ ನಾನೇ ಆದೆ!"

ಪ್ರಯಾಣಿಕರ ಗಮನಕ್ಕೆ

ಗೋಡೆಯ ಸಂದಿಯಲ್ಲಿ ಉಳಿದ ಒಂದೇ ಒಂದು ಮೊಗ್ಗು ಶಿವರಾತ್ರಿಯ ಹಿಂದಿನ ಸಂಜೆ ಪೊರೆ ಹರಿದು ಅರಳಿತು. ಕ್ಯಾಲೆಂಡರಿನಲ್ಲಿ ಕೂಸಿನ ತಲೆಯಷ್ಟಿತ್ತು, ನಮ್ಮದು ಮೋಸಂಬಿಯಷ್ಟಾಯಿತು. ಸಿಂಧನೂರಿನ ಬಿಸಿಲಿಗೆ ನನ್ನ ತಲೆಯೇ ಅರ್ಧ ಆಗಿದೆ, ಹೂವಿನದೇನು ಹೇಳುವುದು! ಆದರೆ ಬಣ್ಣ? ಜಂಬುನೇರಳೆ ಹಣ್ಣಿನ ಬಣ್ಣ. ನೋಡಿದವರ ಕಣ್ಣು ಅಲ್ಲೇ ನಿಲ್ಲಬೇಕು.

ನಿಂತರೇ ಅಪಾಯ. ಶಿವರಾತ್ರಿ ಮುಂಜಾನೆ ಅಂದರೆ ವರ್ಷದ ಎಲ್ಲಕ್ಕಿಂತ ದೊಡ್ಡ ದಾಳಿ. ಅವತ್ತು ಓಣಿಯಲ್ಲಿ ಎಕ್ಕೆಯ ಹೂವು ಕೂಡ ಉಳಿಯುವುದಿಲ್ಲ.

ನಾನು ಕುರ್ಚಿ ಹಾಕಿದೆ. ಐದು ಗಂಟೆಗೆ ಗೇಟು ಕಿರ್ ಅಂದಿತು. ಆರು ಜನ, ಆರು ಬುಟ್ಟಿ, ಮುಂದೆ ದೊಡ್ಡ ಟೀಚರ್. ಅವರ ಬ್ಯಾಟರಿಯ ಬೆಳಕು ದಾಸವಾಳ ದಾಟಿ, ಕಣಗಿಲೆ ದಾಟಿ, ನನ್ನ ಹೂವಿನ ಮೇಲೆ ಬಂದು ನಿಂತಿತು.

"ಅಯ್ಯ ಶಿವನ! ಏನ್ರೀ ಇದು? ಇಂಥಾ ಹೂವು ನಾ ಕಂಡಿಲ್ಲ. ಇವತ್ತ ಲಿಂಗದ ಮ್ಯಾಲ ಇದೊಂದ ಇಟ್ರ ಸಾಕು!"

ಕೊಕ್ಕೆ ಮುಂದೆ ಬಂತು. ನಾನು ತಿಂಗಳುಗಟ್ಟಲೆ ತಯಾರು ಮಾಡಿಟ್ಟುಕೊಂಡ ಮಾತು ಮರೆತೇ ಹೋಯಿತು. ಇಪ್ಪತ್ತೆಂಟು ವರ್ಷ ಮೈಕು ಹಿಡಿದವನಿಗೆ ದನಿಯೇ ಇಲ್ಲ! ಕೊಕ್ಕೆ ಕಡ್ಡಿಗೆ ತಗುಲಿತು. ಹೂವು ತೂಗಿತು. ಕಣ್ಣ ಮುಂದೆ ಒಂದು ಗುಡ್ಡದಷ್ಟು ಪುಂಡಿಪಲ್ಯೆ, ಅದನ್ನು ಸೋಸುತ್ತ ಕೂತ ನಾನು.

ಆಗ ಹೊಟ್ಟೆಯ ಆಳದಿಂದ ಹಳೇ ಕಂಟ್ರೋಲರ್ ಎದ್ದ.

"ಪ್ರಯಾಣಿಕರ ಗಮನಕ್ಕೆ! ಸದರಿ ಹೂವು ಉಳ್ಳಾಗಡ್ಡಿ ಹೂವಾಗಿರುತ್ತದೆ!"

ನಾಯಿಗಳು ಎದ್ದವು. ನಾಲ್ಕು ಮನೆಯ ದೀಪ ಹತ್ತಿದವು. ದೂರದ ಮುಕ್ಕುಂದ ಹಳ್ಳಿಯಲ್ಲಿ ಯಾರೋ ಬಸ್ ಸ್ಟಾಪಿಗೆ ಓಡಿದರೆಂದು ಆಮೇಲೆ ಸುದ್ದಿ ಬಂತು. ದೊಡ್ಡ ಟೀಚರ್ ಕೈಯಿಂದ ಕೋಲು ಜಾರಿ ನಮ್ಮ ಮಡಿಯಲ್ಲಿ ಬಿತ್ತು.

"ಏನಂದ್ರಿ?"

"ಉಳ್ಳಾಗಡ್ಡಿ ರೀ ಟೀಚರ್. ಭರೋಸಾ ಇಲ್ಲಂದ್ರ ಎಲಿ ಚೂಟಿ ಮೂಸಿ ನೋಡ್ರಿ."

ಚೂಟಿದರು. ಮೂಸಿದರು. ಆಮೇಲೆ ಆ ಕೈಯನ್ನು ಬೇರೆ ಯಾರದೋ ಕೈ ಅನ್ನುವಂತೆ ಮೈಯಿಂದ ದೂರ ಚಾಚಿ ಹಿಡಿದರು. "ಶಿವರಾತ್ರಿ ಉಪವಾಸ ಹಿಡದೀನಿ, ಜಳಕಾ ಮಾಡಿ ಬಂದೀನಿ!" ಅಂತ ಒದರಿದರು. ಎರಡು ಹೆಜ್ಜೆ ಹೋದವರು ಏನೋ ಹೊಳೆದು ನಿಂತರು. "ಅಲ್ರೀ, ಈ ದಾಸವಾಳದ ಬೇರು, ಆ ಗಡ್ಡಿ, ಎಲ್ಲಾ ಒಂದ ಮಣ್ಣಾಗ ಒಂದ ನೀರು ಕುಡದಾವೇನು?"

"ಹೌದ್ರಿ. ಎಲ್ಲಾ ಕೂಡಿ ಕುಡದಾವ್ರಿ."

"ನಡೀರವ್ವಾ ಎಲ್ಲಾರೂ," ಅಂದರು. ಆರೂ ಬುಟ್ಟಿ ಖಾಲಿಯೇ ಹೊರಗೆ ಹೋದವು.

ಅವತ್ತು ಸೂರ್ಯ ನಮ್ಮ ಕಂಪೌಂಡಿನ ಮೇಲೆ ಹುಟ್ಟಿ, ಹೂವಿನ ನೆತ್ತಿಯ ಮೇಲೆ ಹಾದು, ಓಣಿಯಾಚೆ ಮುಳುಗಿದ. ಹೂವು ನಿಂತಿತ್ತು. ಬರೀ ಅದಲ್ಲ, ಹನ್ನೊಂದು ದಾಸವಾಳ, ಗಿಡದ ತುಂಬ ಕಣಗಿಲೆ, ನಂದಿಬಟ್ಟಲು, ಎಲ್ಲ ನಿಂತಿದ್ದವು! ನಮ್ಮ ಗಿಡಗಳು ಹೂ ಬಾಡುವುದನ್ನು ಅವತ್ತೇ ಮೊದಲು ಕಂಡವು. ಹೆಂಡತಿ ಒಂದು ತಟ್ಟೆ ಹಣ್ಣು ತಂದು ಮುಂದಿಟ್ಟು, "ಜಾಗಾ ನಿಮ್ದ ಆತು. ಗೆದ್ರಿ ಬಿಡ್ರಿ," ಅಂದಳು. ಆ 'ಬಿಡ್ರಿ'ಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎದುರು ಮನೆಯ ಟೊಂಗೆ

ಒಂದು ವಾರ ನಾನು ಗೇಟಿನಲ್ಲಿ ನಿಂತು ಹೋಗಿ ಬರುವವರಿಗೆಲ್ಲ ತೋಟ ತೋರಿಸಿದೆ. ಎಂಟನೇ ದಿನ ಗಮನಿಸಿದೆ, ನಮ್ಮ ದೇವರ ಮುಂದೆ ಇನ್ನೂ ಬಾಜಾರದ ಹೂವೇ ಇದೆ.

"ಗಿಡ ತುಂಬ ಹೂವು ಅದಾವಲ್ಲಬೇ, ಏರಸು."

"ಉಳ್ಳಾಗಡ್ಡಿ ಬೇರು ಕೂಡಿದ ಹೂವು ದೇವರಿಗೆ ಏರಸ್ತಾರೇನ್ರೀ? ದೊಡ್ಡ ಟೀಚರೇ ಅಂದಾರ."

ಮರುದಿನ ಮುಂಜಾನೆ ಐದಕ್ಕೆ ನನ್ನನ್ನು ತಟ್ಟಿ ಎಬ್ಬಿಸಿದಳು. ಒಂದು ಕೈಯಲ್ಲಿ ಬುಟ್ಟಿ. ಇನ್ನೊಂದು ಕೈಯಲ್ಲಿ ಟೀಚರ್ ಬೀಳಿಸಿ ಹೋಗಿದ್ದ ಅದೇ ಕೊಕ್ಕೆಯ ಕೋಲು. "ಏಳ್ರಿ, ಸಪ್ಪಳ ಮಾಡಬ್ಯಾಡ್ರಿ." ರಸ್ತೆ ದಾಟಿ ಎದುರಿನ ಕಂಪೌಂಡಿಗೆ ನಡೆಸಿಕೊಂಡು ಹೋದಳು. ದೊಡ್ಡ ಟೀಚರ್ ಅವರ ಬಿಳಿ ದಾಸವಾಳ ಮೈತುಂಬ ಅರಳಿತ್ತು.

"ಆ ಮ್ಯಾಲಿನ ಟೊಂಗಿ ಬಗ್ಗಸ್ರಿ. ನಿಮಗ ರೂಢಿ ಐತಿ."

ಬಗ್ಗಿಸಿದೆ. ಅವಳು ಐದು ಹೂವು ಹರಿದಿದ್ದಳು, ಬಾಗಿಲು ತೆರೆಯಿತು. ದೊಡ್ಡ ಟೀಚರ್, ಕೈಯಲ್ಲಿ ಬುಟ್ಟಿ, ವಾಕಿಂಗಿಗೆ ಹೊರಟು ನಿಂತಿದ್ದಾರೆ. ನನ್ನ ಕೈ ಟೊಂಗೆಗೇ ಅಂಟಿಕೊಂಡಿತ್ತು. ಅವರು ನನ್ನನ್ನು ನೋಡಿದರು, ಕೋಲನ್ನು ನೋಡಿದರು.

"ನಮ್ಮ ಕೋಲಲ್ಲೇನ್ರೀ ಅದು?"

"ಕೊಟ್ಟು ಹೋಗೋಣಂತ ಬಂದಿದ್ವಿ ರೀ," ಅಂದಳು ನನ್ನ ಹೆಂಡತಿ, ಆರನೇ ಹೂವನ್ನು ಬುಟ್ಟಿಗೆ ಹಾಕುತ್ತ.

ಟೀಚರ್ ಬೈಯಲಿಲ್ಲ. ನಿಟ್ಟುಸಿರು ಬಿಟ್ಟರು. "ಇರ್ಲಿ ಹರಕೋರವ್ವ. ನಮ್ಮ ಗಿಡದ ಹೂವು ನನಗ ಯಾವತ್ತ ಸಿಕ್ಕಾವು? ನಾ ಆಕಡೆ ಹೋದ ಕೂಡ್ಲೇ ಹಿಂದಿನ ಓಣ್ಯಾವರು ಬಂದು ಬಳಕೊಂಡು ಹೋಗ್ತಾರ. ಅದಕ್ಕ..." ದನಿ ತಗ್ಗಿಸಿದರು. ಮೂವತ್ತು ವರ್ಷದಲ್ಲಿ ಆ ದನಿ ತಗ್ಗಿದ್ದು ಅದೇ ಮೊದಲಿರಬೇಕು. "ಆ ನಿಮ್ಮ ಉಳ್ಳಾಗಡ್ಡಿ ನಮಗೂ ಒಂದು ಕೊಡ್ರಿ. ಗೇಟಿನ ಬಾಜೂಕ ಹುಗೀತೀನಿ. ಮಂದಿ ಕಾಣೂಹಂಗ ಇದ್ರ ಸಾಕು."

ಶತ್ರುವೇ ನನ್ನ ಆಯುಧವನ್ನು ಕೇಳುವುದೆಂದರೆ! ಇದಕ್ಕಿಂತ ದೊಡ್ಡ ಗೆಲುವು ಯಾವ ಮನುಷ್ಯನಿಗೆ ಸಿಕ್ಕೀತು? ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

"ಒಂದ್ಯಾಕ್ರೀ ಟೀಚರ್, ಹತ್ತು ತರಸಿಕೊಡ್ತೀನಿ!" ಅನ್ನಲಿಕ್ಕೆ ಬಾಯಿ ತೆರೆದೆ.

ಟೊಂಗೆಯ ಮರೆಯಲ್ಲಿ ಹೆಂಡತಿ ನನ್ನ ಕಾಲು ಬಲವಾಗಿ ತುಳಿದು, ಹಲ್ಲು ಕಡಿಯುತ್ತ ಕಿವಿಯಲ್ಲಿ ಉಸುರಿದಳು.

"ಕೊಟ್ಟೀರಿ ನೋಡ್ರಿ ಮತ್ತ! ನಾಳಿಂದ ಹೂವಿಗೆ ನಾ ಯಾರ ಮನಿಗೆ ಹೋಗ್ಲಿ?"